ಹದಿನಾಲ್ಕನೇ ಹೆಸರು

ಮೈದಾ ಹಿಟ್ಟನ್ನು ನೀರಿನಲ್ಲಿ ಕದಡಿ ಸಣ್ಣ ಉರಿಯಲ್ಲಿಟ್ಟು ಅಂಟು ಮಾಡುವಾಗ, ತಳ ಹಿಡಿಯುವುದಕ್ಕೆ ಸ್ವಲ್ಪ ಮೊದಲು ಒಂದು ವಾಸನೆ ಬರುತ್ತದೆ. ನವೆಂಬರ್ 13, ಗುರುವಾರ, ಚಿಂಚೋಳಿ ತಾಲೂಕಿನ ನನ್ನ ಶಾಲೆಯ ಬಿಸಿಯೂಟದ ಕೋಣೆಯಿಂದ ಆ ವಾಸನೆ ಬಂತು. ಮರುದಿನ ಮಕ್ಕಳ ದಿನಾಚರಣೆ. ಕಾಗದದ ಮಾಲೆಗೆಂದು ಅಡುಗೆಯವರು ಅಂಟು ಕಾಯಿಸುತ್ತಿದ್ದರು. ನಾನು ಐದನೇ ತರಗತಿಗೆ ಭಾಗಾಕಾರ ಹೇಳಿಕೊಡುತ್ತಿದ್ದೆ. ಸೀಮೆಸುಣ್ಣ ಕೆಳಗಿಟ್ಟು ಮೇಜಿನ ಮೇಲಿನ ಚೀಲದೊಳಗೆ ಕೈಹಾಕಿದೆ. ನೋಟ್‌ಬುಕ್ ಒಂದೇ ಇತ್ತು. ಎರಡಿರಲಿಲ್ಲ. ಆಮೇಲೆ ಪಾಠ ಮುಂದುವರಿಸಿದೆ.

ಒಂದು ವರ್ಷವಾದರೂ ಆ ವಾಸನೆಗೆ ನನ್ನ ಕೈ ಹೀಗೆ ಚೀಲಕ್ಕೆ ಹೋಗುತ್ತದೆ.

ನಾನು ಎಲ್ಲವನ್ನೂ ಬರೆದಿಡುವವಳು. ಎಂಟನೇ ಇಯತ್ತೆಯಿಂದ ಬಂದ ಚಾಳಿ. ಕರೆಂಟು ಎಷ್ಟು ಹೊತ್ತಿಗೆ ಹೋಯಿತು, ಎಷ್ಟು ಹೊತ್ತಿಗೆ ಬಂತು, ನಡುವೆ ಎಷ್ಟು ಗೂಡ್ಸ್ ಗಾಡಿ ಹೋದವು ಎಂಬುದೆಲ್ಲ ಇದೆ. ನಮ್ಮ ಮನೆ ವಾಡಿಯಲ್ಲಿ, ರೈಲ್ವೆ ಗೇಟಿನ ಆಚೆ. ಎಣಿಸುವುದಕ್ಕೆ ಗಾಡಿಗಳ ಕೊರತೆಯಿಲ್ಲ. "ನೀ ತಹಶೀಲ ಆಫೀಸ್‌ನಾಗ ಹುಟ್ಟಬೇಕಾಗಿತ್ತು, ತಪ್ಪಿ ನನ್ನ ಹೊಟ್ಟ್ಯಾಗ ಹುಟ್ಟೀದಿ" ಎಂದು ಅವ್ವ ಅನ್ನುತ್ತಿರುತ್ತಾಳೆ.

ಹೋದ ವರ್ಷ ನನಗೆ ಇಪ್ಪತ್ಮೂರು. ಸೇಡಂ ತಾಲೂಕಿನ ಮುಧೋಳದ ಹತ್ತಿರದ ಸರಕಾರಿ ಶಾಲೆಯಲ್ಲಿ ಅತಿಥಿ ಶಿಕ್ಷಕಿ. ವಾಡಿಯಿಂದ ಸೇಡಂವರೆಗೆ ರೈಲು, ಅಲ್ಲಿಂದ ಬಸ್ಸು. ಭಾನುವಾರ ನಮ್ಮ ಚರ್ಚಿನ ಮಕ್ಕಳಿಗೆ ಸಂಡೇ ಸ್ಕೂಲ್ ಪಾಠ. ನವೆಂಬರ್ ಕೊನೆಯಲ್ಲಿ ನಮ್ಮ ಸಭಾಪಾಲಕರು, ಅವರನ್ನು ಎಲ್ಲರೂ ಅಯ್ಯನವರು ಎನ್ನುತ್ತೇವೆ, ನನ್ನನ್ನು ಕರೆದು ಹೇಳಿದರು.

"ಎಸ್ತೇರ, ಹುಡುಗರು ವರ್ಷಾ ನಕ್ಷತ್ರ ಕಟ್ತಾರ, ಮೇಣಬತ್ತಿ ಹಚ್ತಾರ, ಗೋದಲಿ ಮಾಡ್ತಾರ. ಯಾಕ ಅಂತ ಕೇಳಿದ್ರ ಚಂದ ಕಾಣ್ತದ ಅಂತಾರ. ಈ ಸಲ ಕಟ್ಟಾಕಿಂತ ಮೊದಲ ಹೇಳವ್ವಾ, ಯಾಕ ಕಟ್ತೀವಿ ಅಂತ."

ನಾನು ಯೋಜನೆ ಹಾಕಿದೆ. ಕ್ರಿಸ್‌ಮಸ್‌ಗೆ ಮೊದಲು ನಾಲ್ಕು ಭಾನುವಾರ, ನಾಲ್ಕು ಅಲಂಕಾರ. ಡಿಸೆಂಬರ್ 1ಕ್ಕೆ ನಕ್ಷತ್ರ, 8ಕ್ಕೆ ಮೇಣಬತ್ತಿ, 15ಕ್ಕೆ ಗೋದಲಿ, 22ಕ್ಕೆ ಗಂಟೆ. ಮೊದಲು ಕಥೆ ಹೇಳುವುದು, ಆಮೇಲೆ ಆ ವಸ್ತುವನ್ನು ಮಕ್ಕಳ ಕೈಯಲ್ಲೇ ಮಾಡಿಸುವುದು, ಕೊನೆಗೆ ಒಂದೇ ಪ್ರಶ್ನೆ: ಇದನ್ನು ಯಾಕೆ ಮಾಡುತ್ತೇವೆ? ನೋಟ್‌ಬುಕ್ಕಿನಲ್ಲಿ ಹಾಳೆಯ ಮುಂಭಾಗಕ್ಕೆ ಹಾಜರಿ. ಹಿಂಭಾಗಕ್ಕೆ ಮಕ್ಕಳು ಕೊಟ್ಟ ಉತ್ತರ, ಅವರ ಮಾತಿನಲ್ಲೇ, ಪಕ್ಕದಲ್ಲಿ ಸರಿ ಅಥವಾ ತಪ್ಪು ಗುರುತು. ಕತ್ತರಿ, ಬಣ್ಣದ ಪೆನ್ನು, ಮೇಣಬತ್ತಿಗಳಿಗಾಗಿ ಜಗಳವಾಗಬಾರದೆಂದು ಪ್ರತಿ ಮಗುವಿಗೂ ಒಂದು ಅಂಕಿ ಕೊಟ್ಟೆ. ಅವರ ವಸ್ತುವಿನ ಮೇಲೆ ಅವರದೇ ಅಂಕಿ. ಮಕ್ಕಳು ಹದಿಮೂರು.

ಹದಿನಾಲ್ಕನೆಯವಳು ನಕ್ಷತ್ರದ ಜೊತೆ ಬಂದಳು.

ನಮ್ಮ ಮನೆಗೂ ಪಕ್ಕದ ಶರಣಮ್ಮ ಆಯಿಯ ಮನೆಗೂ ನಡುವೆ ಎದೆಮಟ್ಟದ ಫರಸಿ ಕಲ್ಲಿನ ಗೋಡೆ. ಆಯಿಯ ಗಂಡ ಮತ್ತು ನನ್ನ ಅಜ್ಜ ರೈಲ್ವೆ ಹಳಿಯ ಮೇಲೆ ಒಂದೇ ಗ್ಯಾಂಗಿನಲ್ಲಿ ಕೆಲಸ ಮಾಡಿದವರು. ಇಬ್ಬರೂ ಸೇರಿ ಬಿದಿರು ಕಡ್ಡಿಯಲ್ಲಿ ಐದು ಮೂಲೆಯ ಒಂದು ಚೌಕಟ್ಟು ಕಟ್ಟಿದ್ದರು. ದೀಪಾವಳಿಗೆ ಅದು ಆಯಿಯ ಮನೆಯ ಆಕಾಶಬುಟ್ಟಿ. ದೀಪಾವಳಿ ಮುಗಿದ ಮೇಲೆ ಹಳೆ ಕಾಗದ ಹರಿದು ಚೌಕಟ್ಟು ಗೋಡೆ ದಾಟಿ ನಮ್ಮ ಕಡೆ ಬರುತ್ತದೆ. ನಾವು ಬಿಳಿ ಕಾಗದ ಹಚ್ಚಿ ಚರ್ಚಿನ ಮುಂದೆ ಕಟ್ಟುತ್ತೇವೆ. ಜನವರಿಯಲ್ಲಿ ವಾಪಸು. ಅವರಿಬ್ಬರೂ ತೀರಿಕೊಂಡು ಬಹಳ ವರ್ಷವಾಯಿತು. ಚೌಕಟ್ಟು ಮಾತ್ರ ಆಚೆ ಈಚೆ ಓಡಾಡುತ್ತಲೇ ಇದೆ.

ಆ ವರ್ಷ ಆಯಿ ಅದನ್ನು ಗೋಡೆಯ ಮೇಲಿಟ್ಟಾಗ ಅವಳ ಮೊಮ್ಮಗಳು ಭಾಗ್ಯಾ ಒಂದು ಮೂಲೆ ಹಿಡಿದುಕೊಂಡೇ ಬಂದಳು. ಎಂಟು ವರ್ಷದವಳು, ಮೂರನೇ ಇಯತ್ತೆ. ಹುಟ್ಟಿದಾಗಿನಿಂದ ಅರ್ಧ ದಿನ ನಮ್ಮ ಮನೆಯಲ್ಲೇ ಇರುವವಳು.

"ಅಕ್ಕಾ, ಇದಕ್ಕ ಕಾಗದ ನಾನೂ ಹಚ್ತೀನಿ. ನಮ್ಮ ಕಂದೀಲ ಇದು."

"ಹಚ್ಚು. ಐತವಾರ ಚರ್ಚಿನ ಅಂಗಳಕ್ಕ ಬಾ. ಆಯಿಗಿ ಕೇಳಿ ಬಾ."

ಆಯಿಯನ್ನು ಕೇಳಿಕೊಂಡೇ ಬಂದಳು. ಅವಳ ಅಪ್ಪ ಮಲ್ಲಣ್ಣನನ್ನು ಕೇಳಬೇಕೆಂದು ನನಗೂ ಹೊಳೆಯಲಿಲ್ಲ, ಆಯಿಗೂ ಹೊಳೆಯಲಿಲ್ಲ. ಮಲ್ಲಣ್ಣ ಸಿಮೆಂಟ್ ಕಾರ್ಖಾನೆಯಲ್ಲಿ ಪಾಳಿಯ ಕೆಲಸದವನು. ಭಾನುವಾರ ಬೆಳಿಗ್ಗೆ ಮಲಗಿರುತ್ತಿದ್ದ.

ಬಂದವರ ಹೆಸರು ಬರೆಯುವುದು ನನ್ನ ರೂಢಿ. ಬರೆದೆ. 14. ಭಾಗ್ಯಾ. "ಅಕ್ಕಾ, ನಂದು ಹದಿನಾಲ್ಕಾ?" ಎಂದು ಮೂರು ಸಲ ಕೇಳಿ, ಕೊಟ್ಟ ಕತ್ತರಿಯ ಮೇಲೆ ತಾನೇ ಸ್ಕೆಚ್ ಪೆನ್ನಿನಿಂದ 14 ಎಂದು ಬರೆದುಕೊಂಡಳು. ಅವಳು ಬರೆಯುವ ನಾಲ್ಕಕ್ಕೆ ಕಾಲು ಉದ್ದ, ಕೆಳಗಿನ ಗೆರೆಗೂ ದಾಟಿ ಹೋಗುತ್ತದೆ.

ಡಿಸೆಂಬರ್ 1ರಂದು ಹಾಜರಿ 14. ಎಂಟನೇ ತಾರೀಖು ಇಬ್ಬರಿಗೆ ಜ್ವರ, 12. ಹದಿನೈದನೇ ತಾರೀಖು ಮತ್ತೆ 14. ಭಾಗ್ಯಾ ಮೂರೂ ವಾರ ತಪ್ಪಿಸಲಿಲ್ಲ. ಮಂಕಿ ಟೋಪಿ ಹಾಕಿಕೊಂಡು ಮೊದಲಿಗೆ ಬಂದು ಕುಳಿತಿರುತ್ತಿದ್ದಳು. ಮೂರನೇ ವಾರ, ಊರಲ್ಲಿ ಎಲ್ಲೂ ಜಾಗ ಸಿಗದೆ ಯೇಸುವಿನ ತಾಯಿತಂದೆ ದನದ ಕೊಟ್ಟಿಗೆಯಲ್ಲಿ ಉಳಿದ ಕಥೆ ಹೇಳಿ, ಆ ಕೊಟ್ಟಿಗೆಯನ್ನೇ ಗೋದಲಿಯಾಗಿ ಮಾಡಿದೆವು. ಗೋಡೆಗಳಿಗೆ ಶಹಾಬಾದ್ ಕಲ್ಲಿನ ಚೂರು, ಮೇಲೆ ಜೋಳದ ದಂಟಿನ ಮಾಡು. ದಂಟು ಹೇಗೆ ಹೆಣೆಯಬೇಕೆಂದು ನಮ್ಮ ಹುಡುಗರಿಗಿಂತ ಭಾಗ್ಯಾಗೆ ಚೆನ್ನಾಗಿ ಗೊತ್ತಿತ್ತು. ದಂಡೋತಿಯ ಹತ್ತಿರ, ಕಾಗಿಣಾ ಹೊಳೆಯ ದಂಡೆಯ ಅವರ ಹೊಲದಲ್ಲಿ ವರ್ಷವೂ ಎಳ್ಳಮಾವಾಸ್ಯೆಗೆ ದಂಟಿನ ಕೊಂಪೆ ಕಟ್ಟಿ, ಒಳಗೆ ಐದು ಕಲ್ಲಿಗೆ ಸುಣ್ಣ ಹಚ್ಚಿ ಪೂಜೆ ಮಾಡಿ, ಕಾಳು ಸೊಪ್ಪು ಕೂಡಿಸಿ ಬೇಯಿಸಿದ ಭಜ್ಜಿ ಹಂಚುತ್ತಾರೆ. ಅವಳು ಆ ಕೈಯಿಂದಲೇ ಹೆಣೆದಳು.

ಆ ದಿನ ನನಗೆ ಬಹಳ ಖುಷಿಯಾಗಿತ್ತು. ಮಧ್ಯಾಹ್ನ 12:40ಕ್ಕೆ ಹಾಜರಿಯ ಹಾಳೆಯ ಫೋಟೋ ತೆಗೆದು ಪಾಲಕರ ವಾಟ್ಸಾಪ್ ಗುಂಪಿಗೆ ಹಾಕಿದೆ. "ಈ ವಾರ 14 ಮಕ್ಕಳು" ಎಂದು ಕೆಳಗೆ ಬರೆದೆ. ಹಾಳೆಯ ಮುಂಭಾಗ ಮಾತ್ರ. ಹೆಸರು, ಅಂಕಿ, ಗುರುತು.

ಯಾರು ಯಾರಿಗೆ ಕಳಿಸಿದರೋ ನನಗೆ ಇವತ್ತಿಗೂ ಗೊತ್ತಿಲ್ಲ. ಖುಷಿಯಿಂದಲೇ ಕಳಿಸಿರಬಹುದು. ಡಿಸೆಂಬರ್ 17, ಮಂಗಳವಾರ, ಸಂಜೆ 6:10ಕ್ಕೆ ಮಲ್ಲಣ್ಣ ನಮ್ಮ ಬಾಗಿಲಿಗೆ ಬಂದ. ಯಾವಾಗಲೂ ಚಪ್ಪಲಿ ಬಿಟ್ಟು ಸೀದಾ ಒಳಗೆ ಬರುವವನು ಅಂದು ಮೆಟ್ಟಿಲ ಕೆಳಗೇ ನಿಂತ. ಮೈಮೇಲೆ ಇನ್ನೂ ಕಾರ್ಖಾನೆಯ ಧೂಳಿತ್ತು. ಫೋನನ್ನು ನನ್ನ ಮುಖದ ಮುಂದೆ ಹಿಡಿದ.

"ಎಸ್ತೇರ, ಇದು ನಿನ್ನ ಅಕ್ಷರ ಹೌದಿಲ್ಲೋ?"

ನನ್ನ ಹಾಳೆ. ಹದಿನಾಲ್ಕನೇ ಹೆಸರಿನ ಸುತ್ತ ಯಾರೋ ಕೆಂಪು ಸುತ್ತು ಹಾಕಿದ್ದರು.

"ಹೌದಣ್ಣಾ."

"ನನ್ನ ಮಗಳ ಹೆಸರು ನಿಮ್ಮ ಚರ್ಚಿನ ಬುಕ್ಕಿನಾಗ ಯಾಕದ?"

"ಬಂದಿದ್ದಳಲ್ಲಣ್ಣಾ. ಬಂದವರ ಹೆಸರು ಬರೀತೀನಿ ನಾ."

"ಬಂದಾರಂತ ಬರೀತಿ. ಕೆಲಸದ ಜಾಗಾದಾಗ ನಾಕು ಮಂದಿ ನನಗ ತೋರಸ್ಲಿಕತ್ತಾರ ಇದನ್ನ. ಮಲ್ಲಣ್ಣನ ಮಗಳು ಚರ್ಚಿಗಿ ಸೇರ್ಯಾಳ, ಅಪ್ಪಗ ಸುದ್ದಿನೇ ಇಲ್ಲ ಅಂತ ನಗ್ಲಿಕತ್ತಾರ. ನಾ ಏನು ಹೇಳ್ಲಿ ಅವರಿಗಿ?"

ಅವ್ವ ಒಳಗಿನಿಂದ ಬಂದಳು. "ಒಳಗ ಬಾರೋ ಮಲ್ಲು. ಚಾ ಇಟ್ಟೀನಿ."

"ಬ್ಯಾಡ ಚಿಗವ್ವಾ." ಅವ್ವನ ಮುಖ ನೋಡದೆ ಹೇಳಿದ. "ಶನಿವಾರ ನಂದು ರಜಾ. ಹತ್ತಕ್ಕ ಚರ್ಚಿನ ಅಂಗಳಕ್ಕ ಬರ್ತೀನಿ. ಆ ಬುಕ್ ಅಲ್ಲಿರಬೇಕು. ನನ್ನ ಮಗಳಿಗಿ ಏನೇನು ಕಲಿಸೀರಿ ನೋಡ್ತೀನಿ. ನನಗ ಸರಿ ಅನಿಸಲಿಲ್ಲಂದ್ರ ಅಲ್ಲಿಂದ ಸೀದಾ ಠಾಣೆಗಿ ಹೋಗ್ತೀನಿ. ಹೆಸರು ನಿಂದೇ ಬರಸ್ತೀನಿ ಎಸ್ತೇರ, ಅಕ್ಷರ ನಿಂದದ."

ಠಾಣೆಯಲ್ಲಿ ನನ್ನ ಹೆಸರು ಬಿದ್ದರೆ ಏನಾಗುತ್ತದೆಂದು ಯಾರೂ ನನಗೆ ಬಿಡಿಸಿ ಹೇಳಬೇಕಿರಲಿಲ್ಲ. ಅತಿಥಿ ಶಿಕ್ಷಕಿಯನ್ನು ತೆಗೆಯಲು ಒಂದು ಸಾಲಿನ ಕಾಗದವೂ ಬೇಡ, ಒಂದು ಫೋನು ಸಾಕು. ಮತಾಂತರದ ಕೇಸು ಬಿದ್ದವಳನ್ನು ಮತ್ತೆ ಯಾವ ಶಾಲೆ ಕರೆಯುತ್ತದೆ? ಅಯ್ಯನವರನ್ನೂ ಕರೆಸುತ್ತಾರೆ. ಕ್ರಿಸ್‌ಮಸ್‌ಗೆ ಎಂಟು ದಿನ ಉಳಿದಿತ್ತು.

ಬೆಳಿಗ್ಗೆ ಎದ್ದರೆ ಗೋಡೆಯ ಮೇಲೆ ಆಯಿ ಏನಾದರೂ ಇಟ್ಟಿರುತ್ತಾಳೆ. ಕರಿಬೇವು, ಒಂದು ಲೋಟ ಮಜ್ಜಿಗೆ, ಹಿಡಿ ಹಸಿ ತೊಗರಿಕಾಯಿ. ಆ ವಾರದ ನನ್ನ ಡೈರಿಯಲ್ಲಿ ಹೀಗಿದೆ: "ಡಿ. 18, ಗೋಡೆಯ ಮೇಲೆ ಏನೂ ಇಲ್ಲ. ಡಿ. 19, ಇಲ್ಲ. ಡಿ. 20, ಇಲ್ಲ."

ಅರ್ಧ ಕಾಗದ ಹಚ್ಚಿದ ನಕ್ಷತ್ರ ನಮ್ಮ ಪಡಸಾಲೆಯ ಮೊಳೆಗೆ ತೂಗುತ್ತಿತ್ತು. ಅದನ್ನು ದಾಟಿ ಹೋಗುವಾಗೆಲ್ಲ ಅವ್ವ, "ಇದನ್ನ ಹೊಳ್ಳಿ ಕೊಟ್ಟು ಬಿಡ್ಲೇನು? ಅವರ ಕಂದೀಲ ಅವರಿಗಿರಲಿ" ಎನ್ನುತ್ತಿದ್ದಳು. ಕೊಡಲೂ ಇಲ್ಲ, ಕೆಲಸ ಮುಗಿಸಲೂ ಇಲ್ಲ.

ಬುಧವಾರ ಅಯ್ಯನವರ ಮನೆಗೆ ಹೋದೆ. ಚರ್ಚಿನ ಹಿರಿಯರಾದ ಯೇಸಪ್ಪ ಮಾಮಾ ಮೊದಲೇ ಬಂದು ಕುಳಿತಿದ್ದರು. ಅವರು ಮಾತು ಸುತ್ತುವವರಲ್ಲ.

"ಹೊಸಾ ಬುಕ್ ತಗೋ. ಹದಿಮೂರು ಹೆಸರು ಬರಿ. ಹಳೇದು ಒಲಿಗಿ ಹಾಕು. ಮುಗೀತು."

"ಫೋಟೋ ಅದಲ್ಲ ಮಾಮಾ ಅವರ ಹತ್ರ."

"ಫೋಟೋದಾಗ ಏನರೆ ಬರೀಬಹುದು ಈಗಿನ ಕಾಲದಾಗ. ಯಾರೋ ಹೆಸರು ಸೇರಸ್ಯಾರ ಅನ್ನು. ಬುಕ್ಕೇ ಖರೇ."

ನಾನು ಅಯ್ಯನವರ ಮುಖ ನೋಡಿದೆ. ಅವರು ಬಹಳ ಹೊತ್ತು ಕನ್ನಡಕ ಒರೆಸಿದರು. "ನನಗ ಭಾಳ ಹೆದರಿಕಿ ಆಗ್ಯದ ಎಸ್ತೇರ. ಸುಳ್ಳು ಹೇಳಲ್ಲ ನಿನ್ನ ಮುಂದ. ಯಾವ ಬುಕ್ ತರ್ತಿ ಅಂತ ನನಗ ಹೇಳಬ್ಯಾಡ. ಹೇಳಿದ್ರ ನಾನೂ ಅದನ್ನ ಹೊರಬೇಕಾಗ್ತದ" ಎಂದರು.

ಗುರುವಾರ ಶಾಲೆಯಿಂದ ಬರುವಾಗ ಚಿತ್ತಾಪುರದಲ್ಲಿ ರೈಲು ಇಳಿದೆ. ವಾಡಿಯ ಅಂಗಡಿಯಲ್ಲಿ ಕೊಂಡರೆ ಯಾರಾದರೂ ನೋಡಿಯಾರು ಎಂಬ ಭಯ. ಅದೇ ನೂರು ಪುಟದ, ಅದೇ ನೀಲಿ ರಟ್ಟಿನ ನೋಟ್‌ಬುಕ್ ಹುಡುಕಿ ತಂದೆ. ಶುಕ್ರವಾರ ಸಂಜೆ ಕುಳಿತು ನಕಲು ಮಾಡಿದೆ. ಮೂರು ವಾರ ಮೂರು ಬೇರೆ ಪೆನ್ನಿನಲ್ಲಿ ಬರೆದಿದ್ದೆ, ಅವೇ ಮೂರು ಪೆನ್ನು ತೆಗೆದುಕೊಂಡೆ. ಹೆಸರು 13. ಹಾಜರಿ 13, 11, 13. ಹಿಂಭಾಗದ ಉತ್ತರಗಳನ್ನೂ ಬರೆದೆ, ಭಾಗ್ಯಾಳ ಮೂರನ್ನು ಬಿಟ್ಟು. ಒಂದೂವರೆ ಗಂಟೆ ಹಿಡಿಯಿತು. ಚೊಕ್ಕವಾಗಿ ಬಂದಿತ್ತು. ಅಷ್ಟು ವರ್ಷ ಬರೆದ ನಾನು ಮೊದಲ ಬಾರಿಗೆ ಸುಳ್ಳು ಲೆಕ್ಕ ಬರೆದಿದ್ದೆ, ಮತ್ತು ಅದು ನಿಜವಾದದ್ದಕ್ಕಿಂತ ಅಂದವಾಗಿತ್ತು.

ಹಳೆಯದನ್ನು ಒಲೆಯ ತನಕ ಒಯ್ದೆ. ರಟ್ಟಿನ ಮೇಲೆ ನಕ್ಷತ್ರಕ್ಕೆ ಕಾಯಿಸಿದ ಮೈದಾ ಅಂಟು ಒಣಗಿ ಗಟ್ಟಿಯಾಗಿತ್ತು. ಅವ್ವ ರೊಟ್ಟಿ ಬಡಿಯುತ್ತಿದ್ದಳು. ಹಾಕಲಾಗಲಿಲ್ಲ. ಎರಡನ್ನೂ ಚೀಲದಲ್ಲಿಟ್ಟೆ.

ಶನಿವಾರ, ಡಿಸೆಂಬರ್ 21. ಶಾಲೆಗೆ ರಜೆ ಹಾಕಿದ್ದೆ. ಬಿಸಿಲು ಬಿದ್ದಿದ್ದರೂ ಅಂಗಳದ ಕಲ್ಲು ತಣ್ಣಗಿತ್ತು. ಹತ್ತಕ್ಕೆ ಐದು ನಿಮಿಷ ಇರುವಾಗ ಮಲ್ಲಣ್ಣ ಬಂದ. ಜೊತೆಗೆ ಅವನ ಕಾರ್ಖಾನೆಯ ಇಬ್ಬರು. ಅವರ ಹಿಂದೆ, ಯಾರೂ ಕರೆಯದಿದ್ದರೂ, ಭಾಗ್ಯಾಳ ಕೈ ಹಿಡಿದುಕೊಂಡು ಆಯಿ.

"ಬರ್ರಿ, ಕುಂದ್ರಿ" ಎಂದರು ಅಯ್ಯನವರು. ಆಯಿಯೊಬ್ಬಳು ಕುಳಿತಳು. ಬಂದವರಲ್ಲಿ ಒಬ್ಬ ಫೋನು ಎತ್ತಿ ಹಿಡಿದ.

"ವಿಡಿಯೋ ಬ್ಯಾಡ" ಎಂದ ಮಲ್ಲಣ್ಣ.

"ಸಾಕ್ಷಿಗಿ ಇರಲಿ ಅಂತ..."

"ನನ್ನ ಮಗಳು ನಿಂತಾಳಿಲ್ಲಿ. ಕಿಸೆದಾಗ ಇಡು." ಆಮೇಲೆ ನನ್ನ ಕಡೆ ತಿರುಗಿದ. "ತಾ."

ಚೀಲದೊಳಗೆ ಕೈಹಾಕಿದೆ. ಒಂದು ರಟ್ಟು ನುಣುಪು, ಒಂದು ಒರಟು. ನನ್ನ ಬೆರಳು ನುಣುಪಿನ ಮೇಲಿತ್ತು. ಯೇಸಪ್ಪ ಮಾಮಾ ಮೆಲ್ಲಗೆ ಕೆಮ್ಮಿದರು. ನಾನು ಅದನ್ನು ಅರ್ಧ ಮೇಲಕ್ಕೆತ್ತಿದ್ದೆ. ಅಷ್ಟರಲ್ಲಿ ಮಲ್ಲಣ್ಣ ಮಗಳನ್ನು ಕೇಳಿದ.

"ಭಾಗ್ಯಾ, ಖರೇ ಹೇಳು. ನಿನ್ನ ಹೆಸರು ಬರಿಸೀದೇನು ಈ ಬುಕ್ಕಿನಾಗ?"

"ಹೂಂ. ನಂದು ಹದಿನಾಲ್ಕು" ಎಂದಳು ಭಾಗ್ಯಾ. ಹೆದರಿಕೆಯಿಂದಲ್ಲ, ಬಸ್ಸಿನಲ್ಲಿ ತನ್ನ ಸೀಟು ತೋರಿಸುವವರ ಹಾಗೆ. "ಕತ್ತರಿ ಮ್ಯಾಲೂ ಹದಿನಾಲ್ಕು ಅದ. ಕೇಳು ಅಕ್ಕಗ."

ಎಲ್ಲರೂ ನನ್ನನ್ನು ನೋಡಿದರು. ಹೊಸ ಪುಸ್ತಕ ಹೊರಗೆ ತೆಗೆದರೆ ಆ ಅಂಗಳದಲ್ಲಿ ಸುಳ್ಳುಗಾತಿ ಆಗುವವಳು ಭಾಗ್ಯಾ. ಅವಳ ಅಪ್ಪ ಅವಳನ್ನೇ ಹೊಡೆಯುತ್ತಿದ್ದನೇನೋ. ನುಣುಪಾದದ್ದನ್ನು ಕೆಳಗೆ ಬಿಟ್ಟು ಒರಟಾದದ್ದನ್ನು ಹಿಡಿದೆ. ತೆಗೆದುಕೊಟ್ಟೆ. ಯೇಸಪ್ಪ ಮಾಮಾ ಮುಖ ಆಚೆ ತಿರುಗಿಸಿದರು.

ಮಲ್ಲಣ್ಣ ಮೊದಲ ಹಾಳೆ ನೋಡಿದ. ಬೆರಳು ಕೆಳಗೆ ಇಳಿಸುತ್ತ ಹೋಗಿ ಹದಿನಾಲ್ಕರ ಮೇಲೆ ನಿಲ್ಲಿಸಿದ. "ನೋಡ್ರಿ, ಅದ" ಎಂದ. ಫೋನಿನವನು "ನಾ ಹೇಳಿದ್ದಿಲ್ಲೇನು" ಎಂದ.

"ಅಣ್ಣಾ, ಹಾಳಿ ತಿರುವಿ ನೋಡ್ರಿ" ಎಂದೆ. ನನ್ನ ದನಿ ನನಗೇ ಕೇಳಿಸಲಿಲ್ಲ. ಇನ್ನೊಮ್ಮೆ ಹೇಳಿದೆ. "ಏನು ಕಲಿಸೀನಿ ಅಂತ ಕೇಳಿದ್ರಿ. ಹಿಂದ ಬರದೀನಿ."

ಅವನು ತಿರುವಿದ. ಗಟ್ಟಿಯಾಗಿ ಓದಿದ. ಪಿಯುಸಿ ತನಕ ಓದಿದವನು, ಆದರೆ ನಿಧಾನ.

"ನಕ್ಷತ್ರ ಯಾಕೆ ಕಟ್ಟುತ್ತೇವೆ? ಒಂದು. ಮೂಡಣ ದೇಶದ ಜ್ಞಾನಿಗಳಿಗೆ ದಾರಿ ತೋರಿಸಿದ್ದಕ್ಕೆ. ಸರಿ." ಹನ್ನೆರಡು ಉತ್ತರ ಬಿಟ್ಟು ಕೆಳಗೆ ಬಂದ. "ಹದಿನಾಲ್ಕು. ನಮ್ಮ ಆಯಿಂದು ಕಂದೀಲ. ದೀಪಾವಳಿ ಆದ ಮ್ಯಾಲ ನಿಮ್ಮ ಮನಿಗಿ ಬರ್ತದ." ಪಕ್ಕದ ಗುರುತು ನೋಡಿದ. "ತಪ್ಪು."

"ಏನು ತಪ್ಪು?" ಎಂದಳು ಆಯಿ. "ಕಂದೀಲ ನಂದಲ್ಲೇನು?"

"ನೀ ಸುಮ್ಕಿರವ್ವಾ." ಮುಂದಿನ ಹಾಳೆ. "ಮೇಣಬತ್ತಿ ಯಾಕೆ ಹಚ್ಚುತ್ತೇವೆ? ಹದಿನಾಲ್ಕು. ಕರೆಂಟ್ ಹೋಗ್ತದ, ಅದ್ಕ. ತಪ್ಪು."

ಜೊತೆಗೆ ಬಂದವರಲ್ಲಿ ಇನ್ನೊಬ್ಬನಿಗೆ ನಗು ತಡೆಯಲಾಗಲಿಲ್ಲ. ಫೋನಿನವನು ಅವನನ್ನು ದುರುಗುಟ್ಟಿ ನೋಡಿದ.

ಮೂರನೆಯದಕ್ಕೆ ಬಂದಾಗ ಮಲ್ಲಣ್ಣನ ಓದು ಇನ್ನೂ ನಿಧಾನವಾಯಿತು. "ಗೋದಲಿ ಯಾಕೆ ಮಾಡುತ್ತೇವೆ? ಹದಿನಾಲ್ಕು. ಅದು ಎಳ್ಳಮಾಸಿ ಕೊಂಪಿ. ಹೊಲದವರದು. ಅವರಿಗಿ ಊರಾಗ ಯಾರೂ ಜಾಗಾ ಕೊಡಲಿಲ್ಲ. ಹೊಲದವರು ಇಲ್ಲಿ ಇರ್ರಿ ಅಂದ್ರು. ಭಜ್ಜಿನೂ ಕೊಟ್ಟಿರ್ತಾರ."

ಅಯ್ಯನವರು ತಟ್ಟನೆ ತಲೆ ಎತ್ತಿದರು. ಏನೋ ಹೇಳಲು ಬಾಯಿ ತೆರೆದದ್ದನ್ನು ನಾನು ಕಂಡೆ. ಮತ್ತೆ ಬಾಯಿ ಮುಚ್ಚಿ ನೆಲ ನೋಡಿದರು.

"ಇದೂ ತಪ್ಪಾ?" ಎಂದ ಮಲ್ಲಣ್ಣ.

"ತಪ್ಪಣ್ಣಾ."

"ಮೂರಕ್ಕ ಮೂರೂ?"

"ಮೂರೂ."

"ಮೂರು ವಾರ ಕೂಡಿಸಿ ಒಂದೂ ತಲಿಗಿ ಹೋಗಿಲ್ಲ. ಇವರು ಕಲಿಸಿ ಯಾರಿಗಿ ಏನು ಮಾಡ್ತಾರಪ್ಪಾ!" ಎಂದು ಮೊದಲು ನಕ್ಕವನು ಇನ್ನೂ ನಕ್ಕ. ಫೋನಿನವನೂ ತುಟಿ ಕಚ್ಚಿಕೊಂಡ. ಮಲ್ಲಣ್ಣ ನಗಲಿಲ್ಲ. ಮಗಳನ್ನು ನೋಡಿದ. ಭಾಗ್ಯಾಳ ಮುಖ ಕೆಂಪಾಗಿತ್ತು. ಮೂರೂ ತಪ್ಪು ಎಂದು ಅವಳಿಗೆ ಅವತ್ತೇ ಗೊತ್ತಾದದ್ದು. ನಾನು ಉತ್ತರಗಳನ್ನು ಮಕ್ಕಳಿಗೆ ತೋರಿಸುತ್ತಿರಲಿಲ್ಲ.

ಆಯಿ ಎದ್ದು ನಿಂತಳು. "ಮಲ್ಲು, ಕಳಿಸಿದಾಕಿ ನಾನು. ಠಾಣೆಗಿ ಹೋಗಾದಿದ್ರ ನನ್ನ ಹೆಸರು ಬರಸು. ಕೈ ಹಿಡ್ಕೊಂಡು ಹೋಗು, ನನಗ ಹಾದಿ ಕಾಣಂಗಿಲ್ಲ."

ಒಂದು ಗೂಡ್ಸ್ ಗಾಡಿ ಹೋಯಿತು. ಅಂದು ನಾನು ಡಬ್ಬಿ ಎಣಿಸಲಿಲ್ಲ.

ಗಾಡಿ ದಾಟಿದ ಮೇಲೆ ಮಲ್ಲಣ್ಣ ಪುಸ್ತಕ ನನ್ನ ಕೈಗೆ ಕೊಟ್ಟ. "ಠಾಣೆಗಿ ಹೋಗಂಗಿಲ್ಲ. ಆದ್ರ ಇನ್ನ ಮ್ಯಾಲ ಅಕಿ ಇಲ್ಲಿಗಿ ಬರಂಗಿಲ್ಲ. ನಿನ್ನ ಮ್ಯಾಲ ಸಿಟ್ಟಿಲ್ಲ ಎಸ್ತೇರ. ದಿನಾ ಎಂಟು ತಾಸು ಆ ಮಂದಿ ನಡುವ ಇರಾಂವ ನಾನು." ಜೊತೆಗೆ ಬಂದವರ ಕಡೆ ನೋಡದೆ ದನಿ ತಗ್ಗಿಸಿದ. "ಹೆಸರು ಹೊಡದ ಹಾಕು. ಈಗ. ಇವರ ಮುಂದ."

ತನ್ನ ಅಂಗಿಯ ಕಿಸೆಯಿಂದ ಪೆನ್ನು ತೆಗೆದುಕೊಟ್ಟ. ಮೂರು ಹಾಳೆಯಲ್ಲೂ ಹದಿನಾಲ್ಕನೇ ಸಾಲಿನ ಮೇಲೆ ಗೆರೆ ಎಳೆದೆ. ಭಾಗ್ಯಾ ಬಗ್ಗಿ ನೋಡುತ್ತಿದ್ದಳು.

"ಅಕ್ಕಾ, ಅದು ನಂದಲ್ಲ?" ಎಂದಳು. ನಾನು ಪೆನ್ನಿನ ಮುಚ್ಚಳ ಹಾಕಿ ಮಲ್ಲಣ್ಣನಿಗೆ ಕೊಟ್ಟೆ. ಆಯಿ ಅವಳನ್ನು ಎಳೆದುಕೊಂಡು ಹೋದಳು.

ಅವರು ಗೇಟು ದಾಟಿದ ಮೇಲೆ ಅಯ್ಯನವರು ಪುಸ್ತಕ ಕೇಳಿ ತೆಗೆದುಕೊಂಡರು. ಮೂರನೇ ಹಾಳೆಯ ಹಿಂಭಾಗ ತೆಗೆದು ಹದಿನಾಲ್ಕನೇ ಉತ್ತರವನ್ನು ತಾವೇ ಓದಿದರು.

"ಇದಕ್ಕ ಯಾಕ ತಪ್ಪು ಹಾಕೀದಿ?"

"ದೇವರ ಮಗ ಹುಟ್ಟಿದ ನೆನಪಿಗೆ ಅಂತ ಹೇಳಬೇಕಾಗಿತ್ತಲ್ರಿ. ಯೇಸುವಿನ ಹೆಸರೂ ಹೇಳಿಲ್ಲ, ಬೆತ್ಲೆಹೇಮ್ ಅಂತನೂ ಇಲ್ಲ. ಭಜ್ಜಿ ಅಂತಾಳ."

"ಇಷ್ಟು ವರ್ಷ ಪ್ರಸಂಗ ಮಾಡೀನಿ. ಜಾಗಾ ಕೊಡದವರ ಮ್ಯಾಲೇ ಮಾಡೀನಿ. ಜಾಗಾ ಕೊಟ್ಟಾಂವ ಯಾರು ಅಂತ ಒಂದು ದಿನ ಕೇಳಿಲ್ಲ ನಾನು." ಪುಸ್ತಕ ಮುಚ್ಚಿ ನನ್ನ ಕೈಗಿಟ್ಟರು. "ಸರಿ ಅದ ಅಂತ ಅವರ ಮುಂದ ಅಂದುಬಿಡ್ತಿದ್ದೆ ನೋಡು. ಬಾಯಿತನಕ ಬಂದಿತ್ತು. ಅಂದಿದ್ರ ಇವತ್ತು ನೀನೂ ನಾನೂ ಠಾಣೆದಾಗ ಇರ್ತಿದ್ವಿ."

ನನ್ನ ತಪ್ಪು ಗುರುತು ನಮ್ಮನ್ನು ಉಳಿಸಿತ್ತು. ಅದಕ್ಕಾಗಿ ನನಗೆ ಸಂತೋಷವಾಗಲಿಲ್ಲ.

ಮನೆಗೆ ಬಂದು ಹೊಸ ಪುಸ್ತಕವನ್ನು ಒಲೆಗೆ ಹಾಕಿದೆ. ಡಿಸೆಂಬರ್ 22, ಹಾಜರಿ 13. ಗಂಟೆಯ ಪಾಠ ಮಾಡಿದೆ. ಆ ದಿನದ ಉತ್ತರಗಳಿಗೆ ಸರಿ ತಪ್ಪು ಗುರುತು ಹಾಕಲಿಲ್ಲ. ಬರೆದುಕೊಂಡೆ ಅಷ್ಟೇ. ಸಂಜೆ ನಕ್ಷತ್ರವನ್ನು ಚರ್ಚಿನ ಮುಂದೆ ಕಟ್ಟಿದೆವು. ಅದರ ಒಂದು ಮೂಲೆಯ ಕಾಗದ ಭಾಗ್ಯಾ ಮೊದಲ ವಾರ ಹಚ್ಚಿದ್ದು. ಸುಕ್ಕು ಸುಕ್ಕಾಗಿತ್ತು. ಕಿತ್ತು ಬೇರೆ ಹಚ್ಚೋಣ ಎಂದು ಮೂರನೇ ಅಂಕಿಯ ಹುಡುಗ ಹೇಳಿದ. ಹಾಗೇ ಇರಲಿ ಎಂದೆ.

ಡಿಸೆಂಬರ್ 24ರ ಬೆಳಿಗ್ಗೆ ಗೋಡೆಯ ಮೇಲೆ ಒಂದು ಲೋಟ ಮಜ್ಜಿಗೆ ಇತ್ತು. ಬರೆದಿಟ್ಟಿದ್ದೇನೆ. 30ನೇ ತಾರೀಖು, ಸೋಮವಾರ, ಎಳ್ಳಮಾವಾಸ್ಯೆ. ಪ್ರತಿ ವರ್ಷ ನಾವೂ ಅವರ ಜೊತೆ ಹೊಲಕ್ಕೆ ಹೋಗುತ್ತಿದ್ದೆವು. ಆ ವರ್ಷ ಕರೆಯಲಿಲ್ಲ. ಬೆಳಿಗ್ಗೆ ಟಂಟಂ ಗಾಡಿಯಲ್ಲಿ ಬುಟ್ಟಿ ಇಟ್ಟುಕೊಂಡು ಅವರು ಹೊರಟದ್ದನ್ನು ಅವ್ವ ಕಿಟಕಿಯಿಂದ ನೋಡಿದಳು. ಸಂಜೆ ಗೋಡೆಯ ಮೇಲೆ ಸ್ಟೀಲ್ ಡಬ್ಬಿ. ಭಜ್ಜಿ, ನಾಲ್ಕು ಸಜ್ಜಿ ರೊಟ್ಟಿ. ಅವ್ವ ಡಬ್ಬಿ ಹಿಡಿದುಕೊಂಡು ಸ್ವಲ್ಪ ಹೊತ್ತು ಅಲ್ಲೇ ನಿಂತಳು. ಜನವರಿಯಲ್ಲಿ ಕಾಗದ ಬಿಚ್ಚಿ ಚೌಕಟ್ಟನ್ನು ಗೋಡೆಯ ಮೇಲಿಟ್ಟೆವು. ಮರುದಿನ ಅದು ಅಲ್ಲಿರಲಿಲ್ಲ.

ಜೂನ್‌ನಲ್ಲಿ ನನಗೆ ಚಿಂಚೋಳಿ ಕಡೆ ಕೆಲಸ ಸಿಕ್ಕಿತು. ಊರಿಗೆ ಬರುವುದು ಹದಿನೈದು ದಿನಕ್ಕೊಮ್ಮೆ. ಭಾಗ್ಯಾ ಈಗ ನಾಲ್ಕನೇ ಇಯತ್ತೆ. ಬೀದಿಯಲ್ಲಿ ಸಿಕ್ಕರೆ "ಅಕ್ಕಾ" ಎಂದು ಓಡಿ ಹೋಗುತ್ತಾಳೆ, ನಿಲ್ಲುವುದಿಲ್ಲ. ಮಲ್ಲಣ್ಣ ತಲೆ ಆಡಿಸುತ್ತಾನೆ. ಈ ವರ್ಷ ದೀಪಾವಳಿಯಾಗಿ ತಿಂಗಳಾದರೂ ಚೌಕಟ್ಟಿನ ಸುದ್ದಿಯಿರಲಿಲ್ಲ. ಅವ್ವನನ್ನು ಫೋನಿನಲ್ಲಿ ಕೇಳಬೇಕೆಂದು ನಾಲ್ಕು ಸಲ ಅಂದುಕೊಂಡು ಕೇಳಲಿಲ್ಲ. ಇಲ್ಲ ಎಂದರೆ ಬರೆಯಬೇಕಾಗುತ್ತಿತ್ತು.

ನವೆಂಬರ್ 29, ಶನಿವಾರ, ಸಂಜೆಯ ಬಸ್ಸಿಗೆ ಮನೆಗೆ ಬಂದೆ. ಅವ್ವ ಅಂಟು ಕಾಯಿಸುತ್ತಿದ್ದಳು. ವಾಸನೆ ಬಾಗಿಲಲ್ಲೇ ಹಿಡಿಯಿತು. ಹಿತ್ತಲಿಗೆ ಹೋದೆ. ಚೌಕಟ್ಟು ಗೋಡೆಯ ಮೇಲೆ ಒರಗಿಕೊಂಡಿತ್ತು. ಆಚೆಯಿಂದ ಆಯಿಯ ದನಿ.

"ಎಸ್ತೇರಾ, ಒಂದು ಕಡ್ಡಿ ಸಡ್ಲ ಆಗ್ಯದ ನೋಡು. ದಾರ ಬಿಗೀ ಕಟ್ಟು."

"ಹೂಂ ಆಯಿ."

ಸಡಿಲವಾದ ಕಡ್ಡಿ ಹುಡುಕುತ್ತ ಚೌಕಟ್ಟನ್ನು ತಿರುಗಿಸಿದೆ. ಒಳಗಿನ ಒಂದು ಕಡ್ಡಿಯ ಮೇಲೆ, ಕಾಗದ ಹಚ್ಚಿದರೆ ಮುಚ್ಚಿಹೋಗುವ ಜಾಗದಲ್ಲಿ, ನೇರಳೆ ಸ್ಕೆಚ್ ಪೆನ್ನಿನಿಂದ 14 ಎಂದು ಬರೆದಿತ್ತು. ನಾಲ್ಕರ ಕಾಲು ಉದ್ದವಾಗಿ ಕಡ್ಡಿಯ ಆಚೆ ಬದಿಗೂ ಇಳಿದಿತ್ತು.

ದಾರ ಬಿಗಿದು ಕಟ್ಟಿದೆ. ಭಾನುವಾರ ಮಕ್ಕಳು ಉಳಿದ ಮೂಲೆಗಳಿಗೆ ಕಾಗದ ಹಚ್ಚಿದರು. ಆ ಮೂಲೆಗೆ ನಾನೇ ಹಚ್ಚಿದೆ. ಆ ದಿನದ ಹಾಜರಿ 13 ಎಂದೇ ಬರೆದಿದ್ದೇನೆ. ಫೋಟೋ ತೆಗೆಯಲಿಲ್ಲ.